ಗಮಾರ ಎಂದರೆ ಯಾರು?

ಪೇಟೆಯ ಬಸ್ ನಿಲ್ದಾಣದಲ್ಲಿ, ಬ್ಯಾಂಕಿನ ಕೌಂಟರಿನ ಮುಂದೆ, ತಾಲ್ಲೂಕು ಕಚೇರಿಯ ಮೊಗಸಾಲೆಯಲ್ಲಿ, ಮಂಡಿಯ ತಕ್ಕಡಿಯ ಹತ್ತಿರ ನಮ್ಮ ರೈತ ಬಾಂಧವರು ಒಂದಲ್ಲ ಒಂದು ಸಲ ಕೇಳಿರುವ ಪದ 'ಗಮಾರ'. ಎದುರಿಗೇ ಅನ್ನುವವರು ಕಡಿಮೆ. ಬೆನ್ನು ತಿರುಗಿಸಿದ ಮೇಲೆ ಪಕ್ಕದವನ ಕಿವಿಯಲ್ಲಿ ಅಂದು ನಗುವವರೇ ಹೆಚ್ಚು. ಈ ಪದಕ್ಕೆ ಜೊತೆಗಾರರೂ ಇದ್ದಾರೆ: ಹಳ್ಳಿ ಗುಗ್ಗು, ಹಳ್ಳಿ ಮುಕ್ಕ, ಹುಂಬ. ಒಂದೊಂದು ಸೀಮೆಯಲ್ಲಿ ಒಂದೊಂದಕ್ಕೆ ಚಲಾವಣೆ. ಅರ್ಥ ಮಾತ್ರ ಒಂದೇ: ಊರು ಬಿಟ್ಟು ಬಂದವನು, ಏನೂ ತಿಳಿಯದವನು, ಹೇಳಿದ್ದಕ್ಕೆ ತಲೆಯಾಡಿಸಿ ಹೋಗಬೇಕಾದವನು.

ಬಿತ್ತನೆ ಬೀಜ, ಗೊಬ್ಬರ, ಕೀಟಬಾಧೆಗಳ ವಿಷಯ ಬರುವ ಈ ಪುಟದಲ್ಲಿ ಒಂದು ಬೈಗುಳದ ವಿಚಾರ ಏಕೆ ಎಂದು ಕೆಲವರು ಕೇಳಬಹುದು. ಈ ಪದದಿಂದ ರೈತನಿಗೆ ಆಗುವ ನಷ್ಟವನ್ನು ಕಿಲೋ ಲೆಕ್ಕದಲ್ಲಿ, ರೂಪಾಯಿ ಲೆಕ್ಕದಲ್ಲಿ ತೋರಿಸಬಹುದು. ಆ ಲೆಕ್ಕಕ್ಕೆ ಬರುವ ಮೊದಲು ಪದದ ಹುಟ್ಟು ನೋಡೋಣ.

ಒಂದೇ ಬೇರಿನ ಎರಡು ಕೊಂಬೆ

'ಗಮಾರ' ಅಚ್ಚಗನ್ನಡದ ಪದವಲ್ಲ. ಹಿಂದಿಯಲ್ಲಿ ಊರಿಗೆ 'ಗಾಂವ್' ಎನ್ನುತ್ತಾರೆ, ಊರಿನವನು 'ಗಂವಾರ'. ಅದೇ ನಮ್ಮ ಕಡೆ ಬಂದು ಗಮಾರ ಆಯಿತು. ಗಾಂವ್ ಎಂಬುದಕ್ಕೆ ಮೂಲ ಸಂಸ್ಕೃತದ 'ಗ್ರಾಮ'. ವೇದದ ಕಾಲದಲ್ಲಿ ಗ್ರಾಮವೆಂದರೆ ಮನೆಗಳ ಸಾಲಲ್ಲ, ಒಟ್ಟಾಗಿ ಬಾಳುವ, ಒಟ್ಟಾಗಿ ದನ ಹೊಡೆದುಕೊಂಡು ಸಾಗುವ ಜನರ ಗುಂಪು. ಅಂಥ ಎರಡು ಗುಂಪು ಎದುರುಬದುರಾದರೆ ಅದು 'ಸಂಗ್ರಾಮ'. ಜನ ಒಂದೆಡೆ ನೆಲೆನಿಂತ ಮೇಲೆ ಆ ನೆಲೆಗೇ ಗ್ರಾಮವೆಂಬ ಹೆಸರಾಯಿತು. ಹೀಗೆ ನೋಡಿದರೆ ಗಮಾರ ಎಂದರೆ ಊರಿನವನು, ಅಷ್ಟೆ. ಅದರಲ್ಲಿ ದಡ್ಡತನದ ಸೋಂಕು ಒಂದು ಕಾಳಿನಷ್ಟೂ ಇಲ್ಲ.

ಇನ್ನೊಂದು ಸ್ವಾರಸ್ಯ ಕೇಳಿ. ನಮ್ಮ ನಾಡಿನ ಹಳೆಯ ಶಾಸನಗಳಲ್ಲಿ ಊರಿನ ಮುಖ್ಯಸ್ಥನಿಗೆ 'ಗಾಮುಂಡ' ಅಥವಾ 'ಗಾವುಂಡ' ಎಂಬ ಹೆಸರಿದೆ. ಕೆರೆ ಕಟ್ಟಿಸಿದವನು, ಊರ ತುರು ಕಳ್ಳರ ಪಾಲಾದಾಗ ಕಾದಾಡಿ ಬಿದ್ದವನು, ದಾನಕ್ಕೆ ಸಾಕ್ಷಿಯಾಗಿ ನಿಂತವನು ಈ ಗಾವುಂಡ. ಇಂದಿನ 'ಗೌಡ' ಬಂದದ್ದು ಇದರಿಂದಲೇ. ಗ್ರಾಮ ಎಂಬುದರ ಸವೆದ ರೂಪವಾದ 'ಗಾಮ' ಈ ಪದದೊಳಗೆ ಇದೆಯೆಂದು ವಿದ್ವಾಂಸರು ಹೇಳುತ್ತಾರೆ. ಅಂದರೆ ಗೌಡ ಎಂಬ ಮರ್ಯಾದೆಯ ಹೆಸರಿಗೂ ಗಮಾರ ಎಂಬ ಬೈಗುಳಕ್ಕೂ ಬೇರು ಒಂದೇ. ಒಂದು ಕೊಂಬೆ ಊರಿನೊಳಗೆ ಬೆಳೆಯಿತು, ಅದಕ್ಕೆ ಗೌರವದ ಹಣ್ಣು ಬಿಟ್ಟಿತು. ಇನ್ನೊಂದು ಪೇಟೆಯ ಬಾಯಲ್ಲಿ ಬೆಳೆದು ಕಹಿಯಾಯಿತು.

ಬರೆದವರು ಯಾರು?

ಕಹಿಯಾದದ್ದು ಹೇಗೆ? ಅಕ್ಕಿ ರಾಗಿ ಬಂಡಿಯಲ್ಲಿ ಪಟ್ಟಣಕ್ಕೆ ಹೋಯಿತು. ಓಲೆ, ಕಂಠ, ಲೆಕ್ಕದ ಕಡತ ಪಟ್ಟಣದಲ್ಲೇ ಉಳಿಯಿತು. ಗ್ರಂಥ ಬರೆದವರು ಅರಮನೆಯ ಆಶ್ರಯದಲ್ಲಿದ್ದವರು. ನಗರದವನು ಎಂಬ ಅರ್ಥದ 'ನಾಗರಿಕ' ಎಂಬ ಪದಕ್ಕೆ ಅವರು ಸಭ್ಯ, ಜಾಣ ಎಂಬ ಅರ್ಥ ತುಂಬಿದರು. ಗ್ರಾಮದ್ದು ಎಂಬ ಅರ್ಥದ 'ಗ್ರಾಮ್ಯ' ಎಂಬುದಕ್ಕೆ ಒರಟು, ಅಸಭ್ಯ ಎಂಬ ಅರ್ಥ ಅಂಟಿಸಿದರು. ದಂಡಿ, ವಾಮನ ಮುಂತಾದ ಸಂಸ್ಕೃತ ಅಲಂಕಾರ ಶಾಸ್ತ್ರಕಾರರು ಕಾವ್ಯದ ದೋಷಗಳನ್ನು ಹೇಳುವಾಗ ಗ್ರಾಮ್ಯವೂ ಒಂದು ದೋಷವೆಂದರು. ಗದ್ದೆಗೆ ನೀರು ಕಟ್ಟುವವನ ಮಾತು ಕವಿತೆಗೆ ಬಿದ್ದರೆ ಅದು ಕಳೆ ಎಂದು ಲೆಕ್ಕ!

'ಪಾಮರ' ಎಂಬ ಪದದ ಪಾಡೂ ಇಂಥದೇ. ಪಂಡಿತ ಪಾಮರ ಎಂದು ನಾವು ಜೋಡಿಸಿ ಹೇಳುವಾಗ ಪಾಮರನೆಂದರೆ ಓದು ಬಾರದವನು. ಶಾತವಾಹನ ದೊರೆ ಹಾಲನ ಹೆಸರಿನಲ್ಲಿರುವ ಪ್ರಾಕೃತದ 'ಗಾಥಾಸಪ್ತಶತಿ'ಯಲ್ಲಿ ಪಾಮರನೆಂದರೆ ಉಳುವವನು, ಹೊಲಗೆಲಸ ಮಾಡುವ ಒಕ್ಕಲು. ಅವನ ಸಂಸಾರ, ಅವನ ಎತ್ತು, ಅವನ ಪೈರು ಅಲ್ಲಿಯ ಪದ್ಯಗಳಿಗೆ ವಸ್ತು. ಮುಂದೆ ಉಳುವವ ಎಂಬ ಅರ್ಥ ಉದುರಿಹೋಯಿತು, ಹೀನ ಎಂಬ ಅರ್ಥ ಮಾತ್ರ ನಿಂತಿತು.

ಇದು ನಮ್ಮ ದೇಶದ ರೋಗ ಮಾತ್ರವೆಂದು ಯಾರೂ ಕೊರಗಬೇಕಾಗಿಲ್ಲ. ಸಿನಿಮಾದಲ್ಲಿ ಕೆಡುಕು ಮಾಡುವವನನ್ನು 'ವಿಲನ್' ಎನ್ನುತ್ತೇವಲ್ಲ, ಆ ಇಂಗ್ಲಿಷ್ ಪದ ಹುಟ್ಟಿದ್ದು ಜಮೀನ್ದಾರನ ಹೊಲಮನೆಗೆ ಕಟ್ಟುಬಿದ್ದು ದುಡಿಯುತ್ತಿದ್ದ ಬಡ ಒಕ್ಕಲಿನ ಹೆಸರಿನಿಂದ. ದುಡಿದವನು ಖಳನಾಯಕನಾದ, ದುಡಿಸಿಕೊಂಡವನು ಸಭ್ಯನಾದ! ಒರಟನಿಗೆ ಇಂಗ್ಲಿಷಿನಲ್ಲಿ 'ಬೂರ್' ಎನ್ನುತ್ತಾರೆ. ಡಚ್ಚರ ಭಾಷೆಯಲ್ಲಿ 'ಬೂರ್' ಎಂದರೆ ಬರೀ ರೈತ. 1899ರಿಂದ 1902ರವರೆಗೆ ದಕ್ಷಿಣ ಆಫ್ರಿಕದಲ್ಲಿ ಇಂಗ್ಲಿಷರೊಡನೆ ಕಾದಿದ ಬೋಯರ್ ಜನರ ಹೆಸರೂ ಅದೇ. ಅಮೆರಿಕದಲ್ಲಿ ಬಿಸಿಲಿಗೆ ಬಾಗಿ ದುಡಿದು ಕತ್ತು ಕೆಂಪಾದ ಬಡ ಬಿಳಿಯ ರೈತನನ್ನು 'ರೆಡ್‌ನೆಕ್', ಕೆಂಗತ್ತಿನವನು, ಎಂದು ಹೀಯಾಳಿಸಿದರು. ಎಲ್ಲಿ ನೋಡಿದರೂ ಬೈಗುಳವಾದದ್ದು ಮಣ್ಣಿನ ಕೆಲಸ.

ಹಳ್ಳಿಯೋ, ಅಳ್ಳಿಯೋ?

ನಮ್ಮ ಮಕ್ಕಳು ಈ ಹೀಯಾಳಿಕೆಯನ್ನು ಮೊದಲು ಕೇಳುವುದು ಶಾಲೆಯಲ್ಲಿ. ಕನ್ನಡ ಪಾಠದ ಕೊನೆಯ ಅಭ್ಯಾಸದಲ್ಲಿ 'ಗ್ರಾಮ್ಯ ಪದಗಳ ಗ್ರಂಥಸ್ಥ ರೂಪ ಬರೆಯಿರಿ' ಎಂಬ ಪ್ರಶ್ನೆಯನ್ನು ಅನೇಕರು ಬಲ್ಲರು. ಬರಹಕ್ಕೆ ಒಂದು ಕಟ್ಟುಪಾಡು ಬೇಕು, ಅದನ್ನು ಕಲಿಸುವುದು ಸರಿಯೇ. ಆದರೆ ಮಗು ಮನೆಯಲ್ಲಿ ಅವ್ವನಿಂದ ಕಲಿತ ಮಾತನ್ನು ತಪ್ಪು ಎಂದು ಕೆಂಪು ಶಾಯಿಯಲ್ಲಿ ಹೊಡೆದು ನಕ್ಕರೆ, ಮಗು ತಿದ್ದಿಕೊಳ್ಳುವುದಿಲ್ಲ, ಬಾಯಿ ಮುಚ್ಚಿಕೊಳ್ಳುತ್ತದೆ.

ಹಳೆ ಮೈಸೂರು ಸೀಮೆಯಲ್ಲಿ 'ಹ'ಕಾರ ಬಿಟ್ಟು ಮಾತಾಡುವುದನ್ನು ಪೇಟೆಯವರು ಬಹಳ ಆಡಿಕೊಳ್ಳುತ್ತಾರೆ. ಹಾಸನ 'ಆಸನ' ಆಯಿತು, ಹಾಲು 'ಆಲು' ಆಯಿತು ಎಂದು ನಗುತ್ತಾರೆ. ನಗುವವರಿಗೆ ಒಂದು ಮಾತು ತಿಳಿದಿರಲಿ. ಪಂಪ ಕವಿಯ ಕಾಲದ ಹಳಗನ್ನಡದಲ್ಲಿ ಹಾಲು 'ಪಾಲ್' ಆಗಿತ್ತು, ಹಳ್ಳಿ 'ಪಳ್ಳಿ' ಆಗಿತ್ತು. ಆಮೇಲಿನ ಕೆಲವು ನೂರು ವರ್ಷಗಳಲ್ಲಿ ಜನರ ಬಾಯಲ್ಲಿ ಪಕಾರ ಸಡಿಲಿ ಹಕಾರವಾಯಿತು. ಈಗ ಆ ಹಕಾರವೂ ಸಡಿಲಿ 'ಅಳ್ಳಿ' ಎನ್ನುವವನು ಅದೇ ದಾರಿಯಲ್ಲಿ ಒಂದು ಹೆಜ್ಜೆ ಮುಂದೆ ಇದ್ದಾನೆ. ಪಕಾರ ಬಿಟ್ಟವನು ಶುದ್ಧ, ಹಕಾರ ಬಿಟ್ಟವನು ಗಮಾರ ಎನ್ನುವುದಕ್ಕೆ ಯಾವ ನ್ಯಾಯವೂ ಇಲ್ಲ. 'ಇಸ್ಕೂಲು' ಎಂದರೆ ನಗುವವರೂ ಉಂಟು. ಸ್ಪೇನ್ ದೇಶದವರು ಶಾಲೆಗೆ 'ಎಸ್ಕುಯೆಲಾ' ಎನ್ನುತ್ತಾರೆ. ಅವರೂ ಮೊದಲಿಗೊಂದು ಸ್ವರ ಸೇರಿಸಿಕೊಂಡವರೇ!

ಹಳ್ಳಿಯ ಬಾಯಿಯನ್ನು ಗೌರವದಿಂದ ಕೇಳಿದವರೂ ನಮ್ಮಲ್ಲಿ ಇದ್ದರು. ಒಂಬತ್ತನೆಯ ಶತಮಾನದ 'ಕವಿರಾಜಮಾರ್ಗ'ವೇ ಈ ನಾಡಿನ ಜನ ಓದು ಕಲಿಯದೆಯೂ ಕಾವ್ಯದಲ್ಲಿ ನುರಿತವರು ಎಂದು ಹೊಗಳಿದೆ. ವಿಜಯಪುರ ಜಿಲ್ಲೆಯ ಹಲಸಂಗಿಯಲ್ಲಿ ಮಧುರಚೆನ್ನ, ಸಿಂಪಿ ಲಿಂಗಣ್ಣ ಮತ್ತು ಅವರ ಗೆಳೆಯರು ಬೀಸುವ ಕುಟ್ಟುವ ಹೆಣ್ಣುಮಕ್ಕಳಿಂದ ಕೇಳಿ ಬರೆದುಕೊಂಡ ಹಾಡುಗಳು 1931ರಲ್ಲಿ 'ಗರತಿಯ ಹಾಡು' ಎಂಬ ಪುಸ್ತಕವಾಗಿ ಬಂದವು. 1984ರಲ್ಲಿ ದೇವನೂರ ಮಹಾದೇವ ಅವರು ನಂಜನಗೂಡಿನ ಕಡೆಯ ಆಡುಮಾತಿನಲ್ಲಿ ಬರೆದ 'ಕುಸುಮಬಾಲೆ'ಗೆ ಮುಂದೆ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ದೊರೆಯಿತು. ಶಾಸ್ತ್ರಕಾರರು ಕಳೆಯೆಂದು ಕಿತ್ತೆಸೆದದ್ದೇ ಬೆಳೆಯಾಯಿತು.

ರೈತನಿಗೆ ತಿಳಿಯದೆ?

ಮಾತಿನ ವಿಷಯ ಹಾಗಿರಲಿ. ಕಸುಬಿನಲ್ಲಿ ರೈತ ತಿಳಿಗೇಡಿ ಎಂಬ ಮಾತನ್ನು ನೂರಾರು ವರ್ಷ ಹೇಳಿಕೊಂಡು ಬಂದರು. ಆ ಮಾತನ್ನು ಸರಿಯಾಗಿ ಪರೀಕ್ಷಿಸಿ ನೋಡಿದವನು ಒಬ್ಬ ಇಂಗ್ಲಿಷ್ ವಿಜ್ಞಾನಿ. ಡಾ. ಜಾನ್ ಆಗಸ್ಟಸ್ ವೋಲ್ಕರ್ ಇಂಗ್ಲೆಂಡಿನ ರಾಯಲ್ ಅಗ್ರಿಕಲ್ಚರಲ್ ಸೊಸೈಟಿಯ ರಸಾಯನ ತಜ್ಞ. ಭಾರತದ ಬೇಸಾಯವನ್ನು ಹೇಗೆ ಸುಧಾರಿಸಬೇಕೆಂದು ಹೇಳಲು ಸರ್ಕಾರ ಅವನನ್ನು 1889ರಲ್ಲಿ ಇಲ್ಲಿಗೆ ಕಳಿಸಿತು. ಒಂದು ವರ್ಷಕ್ಕೂ ಹೆಚ್ಚು ಕಾಲ ಊರೂರು ಸುತ್ತಿ 1893ರಲ್ಲಿ ವರದಿ ಪ್ರಕಟಿಸಿದ. ಭಾರತದ ಬೇಸಾಯ ಹಿಂದುಳಿದದ್ದು ಎಂಬ ಅಭಿಪ್ರಾಯ ತಪ್ಪು, ಇಲ್ಲಿಯ ಒಳ್ಳೆಯ ರೈತ ಇಂಗ್ಲೆಂಡಿನ ಸಾಮಾನ್ಯ ರೈತನಿಗೆ ಸಮ, ಕೆಲವು ವಿಷಯಗಳಲ್ಲಿ ಮೇಲು ಎಂದು ಅದರಲ್ಲಿ ಒಪ್ಪಿಕೊಂಡ. ಇಳುವರಿ ಕಡಿಮೆಯಿದ್ದ ಕಡೆ ಕೊರತೆಯಿರುವುದು ನೀರು, ಗೊಬ್ಬರ ಮುಂತಾದ ಅನುಕೂಲಗಳಲ್ಲಿ, ರೈತನ ತಲೆಯಲ್ಲಲ್ಲ ಎಂದ. ಸುಧಾರಿಸಲು ಬಂದವನೇ ಕಲಿತು ಹೋದ!

ಕೂರಿಗೆಯ ತಾಳಿನಿಂದ ಬೀಳುವ ಕಾಳು ಎಷ್ಟು ಆಳಕ್ಕೆ ಹೋಗಬೇಕು, ರಾಗಿಯ ಹೊಲದಲ್ಲಿ ಎಷ್ಟು ಸಾಲಿಗೊಮ್ಮೆ ಅಕ್ಕಡಿ ಬಿಡಬೇಕು, ಎಡೆಕುಂಟೆ ಹೊಡೆಯಲು ಮಣ್ಣು ಯಾವ ಹದಕ್ಕೆ ಬರಬೇಕು, ರೋಹಿಣಿ ಮಳೆ ಕೈಕೊಟ್ಟರೆ ಆರಿದ್ರಕ್ಕೆ ಯಾವ ತಳಿ ಬಿತ್ತಬೇಕು, ಇವೆಲ್ಲ ತಲೆಯಲ್ಲಿ ಇಟ್ಟುಕೊಂಡು ವರ್ಷ ವರ್ಷವೂ ಸಾಲದ ಹಣದ ಮೇಲೆ ಪರೀಕ್ಷೆಗೆ ಕೂರುವವನು ರೈತ. ಹಾಗೆಂದು ಹಿಂದಿನವರು ಮಾಡಿದ್ದೆಲ್ಲ ಸರಿ, ಮಣ್ಣು ಪರೀಕ್ಷೆ ಬೇಡ, ಬೀಜೋಪಚಾರ ಬೇಡ ಎನ್ನುವವರ ಪಕ್ಷ ಈ ಲೇಖಕನದಲ್ಲ. ಬ್ಯಾಂಕಿನ ಚಲನ್ ತುಂಬಲು ಬಾರದ ಒಂದೇ ಕಾರಣಕ್ಕೆ ಇಷ್ಟೆಲ್ಲ ಬಲ್ಲವನನ್ನು ಏನೂ ತಿಳಿಯದವನು ಎಂದು ತಳ್ಳಿಹಾಕುವುದು ಸಲ್ಲದು ಎಂದಷ್ಟೇ ಇಲ್ಲಿಯ ವಾದ.

ನಮ್ಮ ಬಾಯಲ್ಲೂ ಅದೇ ಪದ

ಪೇಟೆಯವರನ್ನು ಬೈದು ಮುಗಿಸಿದರೆ ನ್ಯಾಯ ಅರ್ಧವಾದೀತು. ಈ ಪದವನ್ನು ಅವರಿಗಿಂತ ಹೆಚ್ಚಾಗಿ ಬಳಸುವವರು ನಾವೇ. ಪರೀಕ್ಷೆಯಲ್ಲಿ ಮಗ ನಪಾಸಾದರೆ 'ಓದದಿದ್ರೆ ದನ ಮೇಯ್ಸು, ಗಮಾರ' ಎನ್ನುವವನು ಸ್ವತಃ ದನ ಕಟ್ಟಿ ಹಾಲು ಕರೆದು ಅದೇ ಮಗನ ಫೀಸು ಕಟ್ಟಿದವನು. ಕೂಲಿಗೆ ಬರುವವರನ್ನು, ಹಾಡಿಯಿಂದ ಬರುವವರನ್ನು, ಗುಳೆ ಬಂದವರನ್ನು ನಾವು ಯಾವ ಹೆಸರಿನಿಂದ ಕೂಗುತ್ತೇವೆ, ಅವರ ಲೋಟ ಎಲ್ಲಿ ಇಡುತ್ತೇವೆ ಎಂಬುದನ್ನೂ ನೆನೆಯಬೇಕು. ಪೇಟೆ ನಮಗೆ ಮಾಡಿದ್ದನ್ನು ನಾವು ನಮಗಿಂತ ಕೆಳಗೆಂದು ಎಣಿಸಿದವರಿಗೆ ಮಾಡುತ್ತ ಬಂದಿದ್ದೇವೆ.

ಇದರ ಪೆಟ್ಟು ಈಗ ಮನೆಯೊಳಗೇ ಬಿದ್ದಿದೆ. ಮಂಡ್ಯ ಸೀಮೆಯಲ್ಲಿ ಹೆಣ್ಣು ಕೇಳಲು ಹೋದವರ ಅನುಭವ ಹೀಗಿರುತ್ತದೆ:

'ಹುಡ್ಗ ಏನ್ ಮಾಡ್ಕೊಂಡವ್ನೆ?'

'ಆರಂಭ ಮಾಡ್ಕೊಂಡವ್ನೆ ಕಣಣ್ಣ. ನಾಲ್ಕ್ ಎಕರೆ ನೀರಾವರಿ ಅದೆ.'

'ಅದ್ಸರಿ. ಬೆಂಗ್ಳೂರಲ್ಲಿ ಏನಾರ ಕೆಲ್ಸ ಅದಾ?'

ಅಲ್ಲಿಗೆ ಮಾತು ಮುಗಿಯಿತು. ಕೇಳುತ್ತಿರುವವನೂ ಆರಂಭಗಾರನೇ. ಆದರೂ ಮಗಳನ್ನು ಆರಂಭಗಾರನಿಗೆ ಕೊಡಲು ಮನಸ್ಸಿಲ್ಲ. 2023ರ ಫೆಬ್ರವರಿಯಲ್ಲಿ ಮದ್ದೂರು ತಾಲ್ಲೂಕಿನ ಕೆ.ಎಂ. ದೊಡ್ಡಿಯಿಂದ ಮಲೆ ಮಹದೇಶ್ವರ ಬೆಟ್ಟಕ್ಕೆ ಮದುವೆಯಾಗದ ಯುವಕರು ಪಾದಯಾತ್ರೆ ಹೊರಟದ್ದನ್ನು ಪತ್ರಿಕೆಗಳಲ್ಲಿ ಓದಿದ್ದೀರಿ. ಹೆಚ್ಚಿನವರು ಬೇಸಾಯಗಾರರು. ಹೆಣ್ಣು ಸಿಗಲೆಂದು ಮಾದಪ್ಪನಿಗೆ ಹರಕೆ. ಕೆಲವರು ಇದನ್ನೂ ನಗೆಯ ಸುದ್ದಿ ಮಾಡಿದರು.

ಹೆಣ್ಣುಮಕ್ಕಳನ್ನು ದೂರುವುದು ಸುಲಭ. ಅವರು ತಾಯಿಯ ಬಾಳನ್ನು ಹತ್ತಿರದಿಂದ ನೋಡಿದವರು: ಕೋಳಿ ಕೂಗುವ ಮುನ್ನ ಕೊಟ್ಟಿಗೆ, ಆಮೇಲೆ ಒಲೆ, ಆಮೇಲೆ ಕಳೆ ಕೀಳುವುದು, ರಾತ್ರಿ ಮತ್ತೆ ಒಲೆ, ಪಹಣಿಯಲ್ಲಿ ಮಾತ್ರ ಹೆಸರಿಲ್ಲ. ಬೇಡವೆನ್ನಲು ಅವರಿಗೆ ಕಾರಣವಿದೆ. ಹೆಣ್ಣೇ ಕಡಿಮೆಯಾದದ್ದೂ ಇನ್ನೊಂದು ಕಾರಣ. ಅದೇ 2023ರ ಕೊನೆಯಲ್ಲಿ ಮಂಡ್ಯ ಜಿಲ್ಲೆಯ ಆಲೆಮನೆಯೊಂದರಲ್ಲಿ ಭ್ರೂಣದ ಲಿಂಗಪತ್ತೆ ನಡೆಯುತ್ತಿದ್ದುದು ಹೊರಬಿತ್ತು. ಬೆಲ್ಲ ಬೇಯಿಸುವ ಜಾಗದಲ್ಲಿ! ಇವೆಲ್ಲದರ ಜೊತೆಗೆ, ನಲವತ್ತು ವರ್ಷ ಮಕ್ಕಳ ಕಿವಿಗೆ 'ಗಮಾರನಾಗಬೇಡ' ಎಂದು ಊದಿದ ಫಲವೂ ಸೇರಿದೆ.

ಬಟ್ಟೆ ನೋಡುವ ಕಣ್ಣು

ಕೆಲವು ಕಡೆ ಪದವನ್ನು ಬಾಯಿಬಿಟ್ಟು ಹೇಳಬೇಕಾಗಿಲ್ಲ, ಕಣ್ಣೇ ಹೇಳುತ್ತದೆ. 2022ರ ಜನವರಿಯಲ್ಲಿ ತುಮಕೂರಿನ ವಾಹನ ಮಳಿಗೆಯೊಂದಕ್ಕೆ ಪಿಕಪ್ ಗಾಡಿ ಕೊಳ್ಳಲು ಹೋದ ಯುವ ರೈತನಿಗೆ, ಜೇಬಿನಲ್ಲಿ ಹತ್ತು ರೂಪಾಯಿಯೂ ಇಲ್ಲವೆಂಬ ಅರ್ಥದ ಮಾತು ಕೇಳಬೇಕಾಯಿತು. ಅವನು ಹೋಗಿ ಸ್ವಲ್ಪ ಹೊತ್ತಿನಲ್ಲೇ ಹತ್ತು ಲಕ್ಷ ರೂಪಾಯಿ ತಂದು ಮುಂದಿಟ್ಟ. ಗಾಡಿ ಅಂದೇ ಕೊಡಲು ಮಳಿಗೆಯವರಿಂದ ಆಗಲಿಲ್ಲ! 2024ರ ಫೆಬ್ರವರಿಯಲ್ಲಿ ಬೆಂಗಳೂರಿನ ಮೆಟ್ರೊ ನಿಲ್ದಾಣವೊಂದರಲ್ಲಿ ಟಿಕೆಟ್ ಇದ್ದ ರೈತನನ್ನು ಬಟ್ಟೆ ಕೊಳೆಯೆಂದು ತಡೆದರು. ಜೊತೆಯ ಪ್ರಯಾಣಿಕರು ಪಟ್ಟುಹಿಡಿದು ಅವನನ್ನು ಒಳಗೆ ಕರೆದೊಯ್ದರು, ತಡೆದ ಸಿಬ್ಬಂದಿ ಕೆಲಸ ಕಳೆದುಕೊಂಡರು. ಅದೇ ವರ್ಷ ಜುಲೈಯಲ್ಲಿ ಮಗನೊಡನೆ ಸಿನಿಮಾ ನೋಡಲು ಬೆಂಗಳೂರಿನ ಮಾಲ್ ಒಂದಕ್ಕೆ ಹೋದ ಹಾವೇರಿ ಜಿಲ್ಲೆಯ ಹಿರಿಯ ರೈತನನ್ನು ಪಂಚೆ ಉಟ್ಟಿದ್ದಕ್ಕೆ ಒಳಗೆ ಬಿಡಲಿಲ್ಲ. ವಿಷಯ ವಿಧಾನಸಭೆಯವರೆಗೆ ಹೋಗಿ, ಆ ಮಾಲನ್ನು ಏಳು ದಿನ ಮುಚ್ಚಿಸುವುದಾಗಿ ಸರ್ಕಾರ ಹೇಳಿತು. ಆ ಸಭೆಯಲ್ಲಿ ಪಂಚೆ ಉಟ್ಟು ಕುಳಿತವರಿಗೇನೂ ಕೊರತೆಯಿರಲಿಲ್ಲ ಎನ್ನಿ.

ಈ ಪ್ರಕರಣಗಳಲ್ಲಿ ಅಷ್ಟಿಷ್ಟು ನ್ಯಾಯ ದೊರೆತದ್ದು ಪಕ್ಕದವರು ಮಾತಾಡಿದ್ದರಿಂದ, ಕೈಯಲ್ಲಿ ಫೋನಿನ ಕ್ಯಾಮರಾ ಇದ್ದುದರಿಂದ. ಒಗ್ಗಟ್ಟಾಗಿ ಮಾತಾಡಿದರೆ ಪದದ ಹಲ್ಲು ಉದುರುವುದನ್ನು ನಮ್ಮ ನಾಡು ಮೊದಲೇ ಕಂಡಿದೆ. 1980ರಲ್ಲಿ ನರಗುಂದ, ನವಲಗುಂದಗಳಲ್ಲಿ ಮಲಪ್ರಭಾ ನೀರಾವರಿಯ ರೈತರ ಮೇಲೆ ಗುಂಡು ಹಾರಿದ ಮೇಲೆ ರೈತ ಸಂಘ ಬೆಳೆಯಿತು. ಅಪ್ಪಣೆಯಿಲ್ಲದೆ ಅಧಿಕಾರಿಗಳು ಊರೊಳಗೆ ಬರಕೂಡದೆಂದು ಹಳ್ಳಿಗಳ ಬಾಗಿಲಲ್ಲಿ ಫಲಕ ನಿಂತಿತು. ಹಸಿರು ಶಾಲು ಹೆಗಲಿಗೇರಿತು. ಶಾಲು ಹೊದ್ದು ಬಂದವನನ್ನು ನಿಲ್ಲಿಸಿ ಕಾಯಿಸಲು ಗುಮಾಸ್ತ ಎರಡು ಸಲ ಯೋಚಿಸುವಂತಾಯಿತು.

ಮಂಡಿಯ ಲೆಕ್ಕ

ಮೊದಲು ಹೇಳಿದ ಲೆಕ್ಕ ಈಗ. ಹಿಂದೆ ಮಂಡಿಯಲ್ಲಿ ದಲಾಲ ಮತ್ತು ಖರೀದಿದಾರ ಟವೆಲಿನ ಮರೆಯಲ್ಲಿ ಬೆರಳು ಹಿಡಿದು ದರ ಕುದುರಿಸುತ್ತಿದ್ದರು. ಮಾಲಿನ ಒಡೆಯ ಪಕ್ಕದಲ್ಲೇ ನಿಂತಿದ್ದರೂ ಅವನಿಗೆ ತಿಳಿಯುತ್ತಿರಲಿಲ್ಲ. ಇಂಥದನ್ನು ನಿಲ್ಲಿಸಲೆಂದೇ ನಿಯಂತ್ರಿತ ಮಾರುಕಟ್ಟೆಗಳು ಬಂದವು, ನಮ್ಮಲ್ಲಿ 1966ರ ಕೃಷಿ ಉತ್ಪನ್ನ ಮಾರುಕಟ್ಟೆ ಕಾಯಿದೆ ಬಂತು, 2014ರಿಂದ ಕಂಪ್ಯೂಟರ್ ಮೂಲಕ ಟೆಂಡರ್ ಕೂಗುವ ಏರ್ಪಾಡೂ ಬಂತು. ಟವೆಲು ಹೋಯಿತು, 'ಸೂಟು' ಎಂಬ ತೂಕದ ಮುರಿತ, 'ಬಿಳಿ ಚೀಟಿ' ವ್ಯವಹಾರ ಅನೇಕ ಕಡೆ ಉಳಿದುಕೊಂಡಿವೆ.

ಕ್ವಿಂಟಲಿಗೆ 2 ಕಿಲೋ ಸೂಟು ಮುರಿದರೆ 20 ಕ್ವಿಂಟಲಿಗೆ 40 ಕಿಲೋ ಹೋಯಿತು. ಕ್ವಿಂಟಲಿಗೆ 6,000 ರೂಪಾಯಿ ದರವಿದ್ದರೆ 2,400 ರೂಪಾಯಿ. ಅದರ ಮೇಲೆ ನೂರಕ್ಕೆ 3ರಂತೆ ದಲಾಲಿ ಹಿಡಿದರೆ ಇನ್ನೂ 3,500ರ ಹತ್ತಿರ. ಒಂದು ಹೊತ್ತಿನ ವ್ಯವಹಾರದಲ್ಲಿ ಸುಮಾರು 6,000 ರೂಪಾಯಿ ಕೈಬಿಟ್ಟಿತು. 'ಇದ್ಯಾಕೆ ಮುರಿದಿರಿ ಸಾವ್ಕಾರ್ರೆ?' ಎಂದು ಕೇಳಿದರೆ 'ನಿಂಗೆ ತಿಳಿಯೋದಿಲ್ಲ ಬಿಡೋ, ಎಲ್ಲಾರ್ದೂ ಹಂಗೇಯ' ಎಂಬ ಉತ್ತರ. ಹತ್ತಿರದಲ್ಲಿ ನಿಂತವರು ನಗುತ್ತಾರೆ. ನಕ್ಕದ್ದಕ್ಕೆ ನಾಚಿ ನಮ್ಮವನು ಚೀಟಿ ಮಡಿಸಿ ಜೇಬಿಗಿಟ್ಟುಕೊಳ್ಳುತ್ತಾನೆ. ಆ ನಾಚಿಕೆಯ ಬೆಲೆ 6,000. ಮುಂಗಡ ಸಾಲ ಅದೇ ಅಂಗಡಿಯಲ್ಲಿದ್ದರೆ ಬಾಯಿ ಇನ್ನೂ ಭದ್ರವಾಗಿ ಮುಚ್ಚುತ್ತದೆ, ಅದನ್ನೂ ಅಲ್ಲಗಳೆಯುವಂತಿಲ್ಲ.

ಮಾರುಕಟ್ಟೆ ಪ್ರಾಂಗಣದಲ್ಲಿ ದಲಾಲಿಯನ್ನು ಖರೀದಿದಾರನಿಂದ ಪಡೆಯಬೇಕೇ ಹೊರತು ಮಾಲು ತಂದ ರೈತನಿಂದ ಹಿಡಿಯುವಂತಿಲ್ಲ. ತೂಕ ಎಷ್ಟಿದೆಯೋ ಅಷ್ಟಕ್ಕೂ ಹಣ ಸಲ್ಲಬೇಕು. ಮಾಲು ಒಯ್ಯುವಾಗ ಒಬ್ಬರೇ ಹೋಗದೆ ಊರಿನ ಇಬ್ಬರು ಮೂವರು ಒಟ್ಟಿಗೆ ಹೋಗಿ. ಸಾಧ್ಯವಾದರೆ ಓದು ಬಲ್ಲ ಮಗಳನ್ನೋ ಮಗನನ್ನೋ ಕರೆದುಕೊಳ್ಳಿ. ಚೀಲಗಳನ್ನು ಮನೆಯಲ್ಲೊಮ್ಮೆ ತೂಗಿ ಬರೆದಿಟ್ಟುಕೊಳ್ಳಿ. ಬಿಳಿ ಚೀಟಿ ಕೊಟ್ಟರೆ ಬೇಡವೆಂದು, ಅಂಗಡಿಯ ಹೆಸರು, ತೂಕ, ದರ, ಮುರಿದ ಬಾಬು ಎಲ್ಲ ನಮೂದಾದ ಲೆಕ್ಕಪಟ್ಟಿ ಕೇಳಿ. ಸೂಟು, ದಲಾಲಿ ಹಿಡಿದಿದ್ದರೆ ಅದನ್ನೂ ಪಟ್ಟಿಯಲ್ಲಿಯೇ ಬರೆದು ಸಹಿ ಹಾಕಿಕೊಡಿ ಎನ್ನಿ. ಬರೆದುಕೊಡಲು ಹಿಂಜರಿದರೆ ಮಾರುಕಟ್ಟೆ ಸಮಿತಿಯ ಕಾರ್ಯದರ್ಶಿಗೆ ಲಿಖಿತ ದೂರು ಕೊಟ್ಟು, ದೂರಿನ ಒಂದು ಪ್ರತಿಯ ಮೇಲೆ ಕಚೇರಿಯ ಮೊಹರು ಹಾಕಿಸಿಕೊಂಡು ಬನ್ನಿ.